ನೀಲಿ ಮಂದಿಯ ಜಮಖಾನ

ನನ್ನ ಅಮ್ಮನನ್ನು ಹೋಲುವ ಒಬ್ಬ ಹೆಂಗಸು ಒಂದು ಮೊಬೈಲ್ ಆಟದೊಳಗೆ ವಾಸವಾಗಿದ್ದಾಳೆ. ಅವಳ ಮೈ ನೀಲಿ. ಹಣೆಯ ಮೇಲೆ ಮೂರು ಬಿಳಿ ಗೆರೆಗಳಿವೆ. ತಲೆಯ ಮೇಲೆ ಸೆರಗಿನಂಥ ಬಟ್ಟೆ, ಹಿಂದೆ ಒಂದು ಬಾಲ. ಗದ್ದದ ಎಡಕ್ಕೆ ಅಮ್ಮನಿಗಿರುವ ಮಚ್ಚೆ ಅವಳಿಗೂ ಇದೆ. ನೂಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎರಡೂ ಕೈಗಳನ್ನು ಮಗ್ಗಕ್ಕೆ ಬಿಡುವ ರೀತಿಯೂ ಅಮ್ಮನದೇ. ಬಾಲವೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನಾನು ಸಾಕ್ಷಿ ಹೇಳಬಲ್ಲೆ.

ನಮ್ಮದು ನವಲಗುಂದದಲ್ಲಿ ಜಮಖಾನ ನೇಯುವ ಮನೆ. ನಾನು ಆ ಮನೆಯ ಮಗಳು, ಕುಂದಗೋಳಕ್ಕೆ ಕೊಟ್ಟವಳು. ಅಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ರವಿವಾರ ಬಸ್ಸು ಹತ್ತಿ ತವರಿಗೆ ಬರುತ್ತೇನೆ. ನೇಯ್ಗೆ ನನಗೆ ಬರುತ್ತಿರಲಿಲ್ಲ. ಬರಬಾರದು ಎಂಬುದೇ ನಮ್ಮಲ್ಲಿಯ ಪದ್ಧತಿ. ಕಸುಬನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ನಾಳೆ ಇನ್ನೊಂದು ಊರಿಗೆ ಹೋಗುವವಳು. ಅವಳ ಜೊತೆ ಗುಟ್ಟೂ ಊರು ಬಿಟ್ಟುಹೋಗುತ್ತದೆ. ಅಮ್ಮ ಮದುವೆಯಾಗಿ ಬಂದಾಗ ದಾದಿ, ಎಂದರೆ ನನ್ನ ತಂದೆಯ ತಾಯಿ, ಅವಳ ಕೈಯನ್ನು ಮಗ್ಗದ ಕಂಬಕ್ಕೆ ಮುಟ್ಟಿಸಿ ಈ ಬಗ್ಗೆ ಮಾತು ತೆಗೆದುಕೊಂಡಿದ್ದಳಂತೆ. ದಾದಿ ತೀರಿಹೋಗಿ ಎಷ್ಟೋ ವರ್ಷಗಳಾದವು. ಕಂಬ ಹಾಗೇ ಇದೆ.

ಚಿಕ್ಕವಳಿದ್ದಾಗ ನೂಲಿನ ಉಂಡೆ ಸುತ್ತುವ ಕೆಲಸ ನನ್ನದು. ಮಗ್ಗಕ್ಕೆ ಬೆನ್ನು ಮಾಡಿ ಕುಳಿತು ಸುತ್ತಬೇಕು. ಹಿಂದೆ ಪಂಜದ ಸದ್ದು ಬರುತ್ತಿತ್ತು. ಪಂಜವೆಂದರೆ ಕೈಬೆರಳಿನ ಆಕಾರದ ಕಬ್ಬಿಣದ ಹಣಿಗೆ. ಹಾಕಿದ ನೂಲನ್ನು ಅದರಿಂದ ಬಡಿದು ಕೂಡಿಸುತ್ತಾರೆ. ಆ ಸದ್ದು ನಿಂತಿತೆಂದರೆ ಬಣ್ಣ ಬದಲಿಸುವ ಜಾಗ ಬಂತು ಎಂದು ಅರ್ಥ. ನಾನು ಕತ್ತು ಹೊರಳಿಸುವ ಮೊದಲೇ ಅಮ್ಮ ಹೇಳುತ್ತಿದ್ದಳು: "ಬಾಗಲಾಗ ಯಾರೋ ಬಂದಾರ, ನೋಡಿ ಬಾ." ನಾನು ಓಡಿಹೋಗಿ ನೋಡುತ್ತಿದ್ದೆ. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ಹಸಿರು ಹೋಗಿ ಕೆಂಪು ಬಂದಿರುತ್ತಿತ್ತು.

ಕಲಿಯಬೇಕಾದವಳು ಭಾಬಿ, ನನ್ನ ಅಣ್ಣನ ಹೆಂಡತಿ. ಅವಳಿಗೆ ಮಗ್ಗವೆಂದರೆ ಮೊಣಕಾಲು ನೋವು. ಅಮ್ಮ ಕೂರಿಸಿದ್ದಳು, ಬೈದಿದ್ದಳು, ಸೋತಿದ್ದಳು. ಅಣ್ಣನಿಗೆ ಬಸ್‌ಸ್ಟ್ಯಾಂಡಿನ ಬಾಜು ಮೊಬೈಲ್ ಅಂಗಡಿ. ಡಬ್ಬಿಗಳನ್ನಿಡಲು ಅವನಿಗೆ ಮಗ್ಗದ ಕೋಣೆ ಬೇಕು. ಅಮ್ಮನ ಕಣ್ಣೂ ಮೊದಲಿನಂತಿಲ್ಲ. ಹೀಗಾಗಿ ಈಗ ಮಗ್ಗದ ಮೇಲಿರುವ ಕೆಂಪು ಜಮಖಾನವೇ ಕಡೆಯದು, ಅದು ಮುಗಿದ ಮೇಲೆ ಮಗ್ಗ ಬಿಚ್ಚಿ ಇಳಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದರಲ್ಲಿ ನೇಯಲು ಉಳಿದಿದ್ದದ್ದು ಎದುರುಬದರು ನಿಲ್ಲುವ ನವಿಲಿನ ಸಾಲು ಮತ್ತು ಅಂಚು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವಂಥದ್ದೂ ಅಲ್ಲ.

ನೀಲಿ ಮಂದಿಯ ಆ ಆಟ ಬರುವ ಮೊದಲು, ಒಂದು ಬೇಸಿಗೆಯಲ್ಲಿ, ದೊಡ್ಡ ಊರಿನಿಂದ ಇಬ್ಬರು ಕಾರಿನಲ್ಲಿ ಬಂದರು: ಒಬ್ಬ ಹುಡುಗ, ಒಬ್ಬ ಹುಡುಗಿ. ಅಂದು ನಾನು ಅಲ್ಲಿದ್ದೆ. ಹುಡುಗಿ ಚಿತ್ರ ಬಿಡಿಸುವವಳು. ಹುಡುಗ ವಿನಯವಂತ, ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟಿದ್ದ.

"ಒಂದು ಗೇಮ್‌ಗೋಸ್ಕರ ಕಾಲ್ಪನಿಕ ಜನಾಂಗ ಮಾಡ್ತಾ ಇದೀವಿ ಅಮ್ಮಾ," ಅಂದ.

"ಇರೂ ಜನಾ ಸಾಲಲಿಲ್ಲೇನ್ರಿ?" ಎಂದಳು ಅಮ್ಮ.

ಹುಡುಗ ನಕ್ಕು, ತಮಗೆ ಬೇಕಾದದ್ದು ಪ್ರೇರಣೆ ಮಾತ್ರ ಎಂದ. ಅಮ್ಮ ನನ್ನ ಕಡೆ ವಾಲಿ, "ಜಮಖಾನಿನೂ ತಗೋತಾರೇನು, ಬರೇ ಪ್ರೇರಣಾ ಅಷ್ಟ ತಗೊಂಡು ಹೊಕ್ಕಾರೇನು?" ಎಂದು ಪಿಸುಗುಟ್ಟಿದಳು. ಬರೀ ಪ್ರೇರಣೆಯನ್ನೇ ತೆಗೆದುಕೊಂಡು ಹೋದರು. ಆದರೆ ಅದನ್ನು ಪೂರ್ತಿ ತೆಗೆದುಕೊಂಡರು. ಅಮ್ಮ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು ಬರುವವರೆಗೆ ಕಾದು, ಅವಳನ್ನು ಮುಂದಿನಿಂದ, ಹಿಂದಿನಿಂದ, ಎರಡೂ ಮಗ್ಗುಲಿನಿಂದ ಫೋಟೋ ತೆಗೆದರು. ಮಗ್ಗ, ಪಂಜ, ಗೂಡಿನಲ್ಲಿಟ್ಟ ಉಂಡೆಗಳು, ಮಗ್ಗುಲಮನೆಯ ಆಡು, ಯಾವುದನ್ನೂ ಬಿಡಲಿಲ್ಲ. ಹೊರಡುವಾಗ ಹುಡುಗಿ ಕೇಳಿದಳು:

"ಇದನ್ನ ಯಾರು ಕಲಿಸಿದ್ದು?"

"ನಮ್ಮ ಅತ್ತಿ."

"ನೀವು ನಿಮ್ಮ ಮಗಳಿಗೆ ಕಲಿಸ್ತೀರಾ?" ಅವಳು ನನ್ನನ್ನು ತೋರಿಸಿದಳು.

"ಈಕಿಗಾ? ಯಾಕ, ಕುಂದಗೋಳದಾಗ ಅಂಗಡಿ ತಗೀಲಿ ಅಂತನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿ ಅದನ್ನು ಬರೆದುಕೊಂಡದ್ದನ್ನು ನೋಡಿದೆ. ಏನು ಬರೆದುಕೊಂಡಳೋ ಆಗ ತಿಳಿಯಲಿಲ್ಲ.

ಆಟ ಬಿಡುಗಡೆಯಾದದ್ದು ಅಣ್ಣನ ಅಂಗಡಿಯ ಮೂಲಕ ನಮಗೆ ಗೊತ್ತಾಯಿತು. ಆ ಜನಾಂಗಕ್ಕೆ ಆಟದಲ್ಲಿ ನಾಲಿಗೆ ಹೊರಳದ ಹೆಸರೊಂದಿದೆ. ನಮ್ಮ ಊರಲ್ಲಿ ಎಲ್ಲರೂ ನೀಲಿ ಮಂದಿ ಅಂದರು. ಅಣ್ಣ ಆ ಹೆಂಗಸಿನ ಚಿತ್ರವನ್ನು ಪ್ರಿಂಟ್ ಹಾಕಿಸಿ ಅಂಗಡಿಗೆ ಅಂಟಿಸಿದ. ಕೆಳಗೆ ಬರೆಸಿದ್ದು: 'ನೀಲಿ ಮಂದಿಯ ಮೂಲ ಮನೆತನ. ಇಲ್ಲಿ ಎಲ್ಲ ಕಂಪನಿಯ ರಿಚಾರ್ಜ್ ಮಾಡಲಾಗುವುದು.'

ಮೂಲ ಎಂಬ ಮಾತೇ ಜಗಳಕ್ಕೆ ಸಾಕಾಯಿತು. ನಮ್ಮ ಎದುರುಮನೆಯ ಕಾಕಾ, ನಿತ್ಯ ವಿಭೂತಿ ಹಚ್ಚಿಕೊಳ್ಳುವ ಹಿರಿಯರು, ಚಿತ್ರದ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು. ನಾನು ಬಸ್ಸಿಳಿದು ಅಲ್ಲೇ ನಿಂತಿದ್ದೆ.

"ಹಣಿ ನೋಡಪಾ. ಮೂರು ಗೆರಿ. ಇವರು ನಮ್ಮ ಮಂದಿ," ಎಂದರು.

"ಕಾಕಾ, ತಲಿ ನೋಡ್ರಿ. ಸೆರಗು. ಮ್ಯಾಲೆ ಜಮಖಾನಿ ಬ್ಯಾರೆ ನೇಯ್ತಾಳ. ನಮ್ಮಾಕಿ," ಅಂದ ಅಣ್ಣ.

"ಸೆರಗು ನಮ್ಮ ಮನ್ಯಾಗೂ ಹೊದಿತಾರಲೇ."

"ವಿಭೂತಿ ಹಂಗ ಬಣ್ಣದ ಡಬ್ಬಿಲೆ ಹಚ್ಚತಾರೇನ್ರಿ?"

ಚಹಾದಂಗಡಿಯವನು ಕೈಯಲ್ಲಿ ಕಪ್ಪುಗಳನ್ನು ಹಿಡಿದು ಇಬ್ಬರ ನಡುವೆ ನಿಂತಿದ್ದ. "ಅದೆಲ್ಲ ಖರೇರಿ. ಮತ್ತ ಬಾಲ ಯಾರದು?"

ಕಾಕಾ ಚಿತ್ರವನ್ನು ಇನ್ನೊಮ್ಮೆ ಪರೀಕ್ಷಿಸಿದರು.

"ಅದು ಅಣ್ಣಿಗೇರಿ ಕಡೇದಿರಬೇಕು," ಎಂದರು.

"ಹೌದ್ರಿ, ಆ ಕಡೇದ," ಅಂದ ಅಣ್ಣ ತಕ್ಷಣ. ನವಲಗುಂದದಲ್ಲಿ ಎಲ್ಲರೂ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಂದ ಪ್ರೇರಣೆಯ ಹೆಚ್ಚುವರಿಯನ್ನು ಪಕ್ಕದ ತಾಲೂಕಿಗೆ ದಾಟಿಸಿ ಇಬ್ಬರೂ ಚಹಾ ಕುಡಿದರು.

ಮನೆಯೊಳಗೆ ಆಟವನ್ನು ಆಡುತ್ತಿದ್ದವಳು ಭಾಬಿ. ಮಗ್ಗದ ಮುಂದೆ ಒಂದು ಗಳಿಗೆ ಕೂರಲಾಗದವಳು ಆಟದಲ್ಲಿ ದಿನವಿಡೀ ಜಮಖಾನ ನೇಯುತ್ತಿದ್ದಳು. ಬೆರಳಿನಿಂದ ಒತ್ತಿ ಹಿಡಿದರೆ ಸಾಕು, ಒಂದು ಜಮಖಾನ. ಅದನ್ನು ಕೊಟ್ಟರೆ ಜೇನು ಸಿಗುತ್ತದೆ. ಜೇನು ಕೊಟ್ಟರೆ ಆರು ಕೊಂಬಿನ ಪ್ರಾಣಿ. ಆ ಪ್ರಾಣಿ ಮಗ್ಗುಲಮನೆಯ ಆಡು ಎಂದು ನಾನು ಗುರುತು ಹಿಡಿದೆ.

ಅವಳೇ ಒಂದು ರವಿವಾರ ಅಮ್ಮನಿಗೆ ಆ ಜನಾಂಗದ ಪರಿಚಯ ಓದಿ ಹೇಳಿದಳು. ಅಡುಗೆಮನೆಯಲ್ಲಿ ಮಿಕ್ಸರ್ ತಿರುಗುತ್ತಿತ್ತು. ಅಣ್ಣ ಚಟ್ನಿಗೆ ಶೇಂಗಾ ಹಾಕಿದ್ದ. ಭಾಬಿ ದನಿ ಏರಿಸಿ ಓದಿದಳು: "ಇವರು ಅಳಿವಿನ ಅಂಚಿಗೆ ಬಂದ ಪ್ರಾಚೀನ ಜನ. ಯಂತ್ರದ ಸದ್ದು ಕೇಳಿಲ್ಲ. ಏ, ಅದನ್ನ ಬಂದ್ ಮಾಡ್ರಿ, ಕೇಳಸವಲ್ದು! ಇವರ ನೇಯ್ಗೆಯ ಗುಟ್ಟು ತಾಯಿಯಿಂದ ಮಗಳಿಗೆ ಮಾತ್ರ ದಾಟುತ್ತದೆ."

"ಯಾರಿಂದ ಯಾರಿಗೆ?" ಅಂದಳು ಅಮ್ಮ.

"ತಾಯಿಯಿಂದ ಮಗಳಿಗ್ರಿ."

"ಸೊಸಿಗಿಲ್ಲೇನು?"

"ಇವರಾಗ ಸೊಸ್ಯಾರ ಇಲ್ರಿ ಅಮ್ಮಾ. ಅದಕ್ಕ ಇಷ್ಟು ಸಮಾಧಾನಲೆ ಅದಾರ."

ಆಮೇಲೆ ಭಾಬಿ ಅದರ ಸಣ್ಣ ವಿಡಿಯೋವನ್ನೂ ತೋರಿಸಿದಳು. ನೀಲಿ ಹೆಂಗಸು, ಅವಳ ಮುಂದೆ ನೀಲಿ ಹುಡುಗಿ. ತಾಯಿ ಮಗಳ ಹಣೆಯ ಮೇಲೆ ಕೈ ಇಡುತ್ತಾಳೆ. ಕೈಯಿಂದ ಬೆಳಕು ಇಳಿಯುತ್ತದೆ. ಮಗಳು ಕಣ್ಣು ತೆರೆದು ಮಗ್ಗದ ಮುಂದೆ ಕೂರುತ್ತಾಳೆ, ಎಲ್ಲ ಬರುತ್ತದೆ. ಉಸಿರು ಎಳೆದು ಬಿಡುವಷ್ಟರ ಕೆಲಸ.

ನಾನು ಭಾಬಿಗೆ ಇನ್ನೊಮ್ಮೆ ತೋರಿಸೆಂದೆ. ನೋಡಿದೆ. ಮತ್ತೊಮ್ಮೆ ತೋರಿಸೆಂದೆ. ಭಾಬಿ ನನ್ನ ಮುಖ ನೋಡಿ ಫೋನು ಕೈಗೇ ಕೊಟ್ಟಳು. ಅಮ್ಮ ಎದ್ದು ಹೋಗಿ ನೀರು ಕುಡಿದಳು. ಬಂದವಳು ಹೇಳಿದ್ದು ಇಷ್ಟೇ: "ಆ ಹುಡುಗಿಗೆ ನಾ ಅತ್ತಿ ಅಂತ ಹೇಳಿದ್ನಲ್ಲಾ. ಕಿವಿ ಕೇಳತಿದ್ದಿಲ್ಲೇನು?" ಸ್ವಲ್ಪ ತಡೆದು, "ಚಲೋ ಸೀರಿ ಉಟ್ಟಿದ್ದೂ ದಂಡ ಆತು. ಚಿತ್ರದಾಗ ಆಕಿಗೆ ತೊಗಲು ಸುತ್ಯಾರ."

ನಾನು ಕಂಡ ಮುಖ್ಯ ಸಂಗತಿ ನಡೆದದ್ದು ಅದರ ಮುಂದಿನ ರವಿವಾರ, ಮಧ್ಯಾಹ್ನ. ಅಮ್ಮ ಮಗ್ಗದಲ್ಲಿದ್ದಳು, ನವಿಲಿನ ಸಾಲು ಸುರುವಾಗಬೇಕಿತ್ತು. ಭಾಬಿ ಕಂಬಕ್ಕೆ ಒರಗಿ ಕುಳಿತು ಆಡುತ್ತಿದ್ದಳು. ನಾನು ಹಳೆಯ ಜಾಗದಲ್ಲಿ, ಮಗ್ಗಕ್ಕೆ ಬೆನ್ನು ಮಾಡಿ, ಉಂಡೆ ಸುತ್ತುತ್ತಿದ್ದೆ.

"ಏನಬೇ ಇದು? ನವಲಾನ ಜುಟ್ಟಿನಿಂದ ಚಾಲೂ ಮಾಡ್ಯಾಳಲ್ಲ ಈಕಿ!" ಅಮ್ಮ ಭಾಬಿಯ ಫೋನಿನೊಳಗೆ ಬಗ್ಗಿ ನೋಡಿದ್ದಳು.

"ಆಟದಾಗ ಹಂಗ್ರಿ. ಮ್ಯಾಲಿಂದ ಕೆಳಗ ಬರತೈತಿ."

"ಮ್ಯಾಲಿಂದ ಬರಾಕ ಅದೇನು ಮಳಿ ಏನು? ಮೊದಲು ಕಾಲು. ಕಾಲಿಲ್ಲದ ನವಲಾ ಎಲ್ಲಿ ನಿಲ್ಲತೈತಿ? ಏ ನೀಲಿ, ಇಲ್ಲಿ ನೋಡು. ಇಲ್ಲಿ ನೋಡಬೇ." ಅವಳು ನೂಲು ಎತ್ತಿಕೊಂಡದ್ದು ಸದ್ದಿನಿಂದಲೇ ತಿಳಿಯಿತು. "ಕಾಲಿಗೆ ಇಷ್ಟ ಎಳಿ ಹಿಡೀಬೇಕು. ಹಿಂಗ."

ನಮ್ಮ ಮನೆಯಲ್ಲಿ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಬೈಗುಳ ಮಾತ್ರ ಪೂರ್ತಿ ಕನ್ನಡ. ಅಮ್ಮ ಆ ನೀಲಿ ಹೆಂಗಸನ್ನು ಪೂರ್ತಿ ಕನ್ನಡದಲ್ಲಿ ಬೈಯತೊಡಗಿದಳು. ಕೈಯಿಲ್ಲದವಳು ಅಂದಳು, ಯಾರ ಮನೆಯ ಸೊಸೆಯೋ ಅಂದಳು, ಎರಡು ಬಣ್ಣ ಸೇರುವಲ್ಲಿ ಒಂದಕ್ಕೊಂದು ಕೊಂಡಿ ಹಾಕದೆ ಬಿಟ್ಟರೆ ನಡುವೆ ಸೀಳು ಬೀಳುತ್ತದೆ, ಇಲಿ ದಾಟುತ್ತದೆ ಅಂದಳು. ಬೈಯುತ್ತ ಪ್ರತಿಯೊಂದನ್ನೂ ಮಾಡಿ ತೋರಿಸಿದಳು. ನನ್ನ ಕೈಯ ಉಂಡೆ ನಿಂತುಹೋಗಿತ್ತು. ಅದು ಅವಳ ಗಮನಕ್ಕೂ ಬಂತು.

"ನಿನಗ ಹೇಳಾಕತ್ತಿಲ್ಲ," ಅಂದಳು ನನಗೆ.

"ಹೂಂ."

"ನಾ ಮಾತು ಕೊಟ್ಟೇನಿ."

"ಗೊತ್ತೈತಿ ಅಮ್ಮಾ."

"ಈಕಿಗೆ ಹೇಳಾಕತ್ತೇನಿ. ಈಕಿಯೇನು ನನ್ನ ಮಗಳಲ್ಲ."

"ಅಲ್ಲ."

ಪಂಜದ ಸದ್ದು ಎರಡು ಸಲ ಬಂತು. "ಹಂಗಾರ ಈ ಕಡೆ ತಿರುಗಿ ಕೂಡು. ಬೆನ್ನು ಮಾಡಿ ಕೂತ್ರ ಬೆಳಕಿಗೆ ಅಡ್ಡ ಆಕ್ಕೈತಿ."

ಕಿಟಕಿ ಇನ್ನೊಂದು ಗೋಡೆಗಿದೆ. ನಾನು ತಿರುಗಿ ಕುಳಿತೆ. ಉಂಡೆಯನ್ನು ಮಡಿಲಲ್ಲಿ ಇಟ್ಟುಕೊಂಡೆ.

"ಮಗಳಿಗೆ ಬೈದು ಸೊಸಿಗೆ ಮುಟ್ಟಸೂದು ಕೇಳಿದ್ನಿ," ಎಂದಳು ಭಾಬಿ, ಫೋನಿನಿಂದ ಕಣ್ಣೆತ್ತದೆ. "ಇದು ಬ್ಯಾರೇನ ಐತಿ."

"ನೀ ಫೋನ್ ನೆಟ್ಟಗ ಹಿಡಿ. ನೀಲಿಗೆ ಕಾಣವಲ್ದು."

ಆಮೇಲಿನ ರವಿವಾರಗಳಲ್ಲಿ ಅದೇ ಕ್ರಮ. ನಾನು ಬಂದ ಕೂಡಲೇ ಭಾಬಿಯ ಫೋನು ಕಂಬಕ್ಕೆ ಒರಗಿ ನಿಲ್ಲಬೇಕು. ಅಮ್ಮ ಅದಕ್ಕೆ ಬೈಯಬೇಕು. ಎರಡು ಕೈ ಸಾಲದಾಗ, "ಏ, ಈ ಎಳಿ ಹಿಡಿ, ನೀಲಿಗೆ ತೋರಸೂದೈತಿ," ಎಂದು ನನ್ನ ಕೈಗೆ ಕೊಡುವಳು. ನಾನು ತಪ್ಪಿದರೆ ಬೈಗುಳ ನೀಲಿಗೆ ಬೀಳುತ್ತಿತ್ತು. ಆ ಹೆಂಗಸು ನನಗಾಗಿ ತಿಂದ ಬೈಗುಳ ಸಣ್ಣದಲ್ಲ. ಭಾಬಿ ತನ್ನ ಆಟ ಹಿಂದೆ ಬಿತ್ತೆಂದು ಗೊಣಗಿದಳು. ಆರು ಕೊಂಬಿನ ಪ್ರಾಣಿಯನ್ನು ಯಾರೋ ಗೆದ್ದುಕೊಂಡು ಹೋಗಿದ್ದರು. ಮಗ್ಗ ಇಳಿಸುವುದು ಯಾವಾಗ ಎಂದು ಅಣ್ಣ ಕೇಳಿದ. "ನವಲಾ ಆಗಲಿ," ಅಂದಳು ಅಮ್ಮ.

ನವಿಲಿಗೆ ಕಾಲಾಯಿತು, ಹೊಟ್ಟೆಯಾಯಿತು, ಗರಿಯಾಯಿತು. ಕುತ್ತಿಗೆ ಬಂತು. ಅಲ್ಲಿ ಹಲವು ಬಣ್ಣಗಳು ಸೇರುತ್ತವೆ. ಅಮ್ಮ ಪಂಜ ಕೆಳಗಿಟ್ಟಳು. ಸದ್ದು ನಿಂತಿತು.

"ಬಾಗಲಾಗ ಯಾರೋ ಬಂದಾರ, ನೋಡಿ ಬಾ."

ನಾನು ಎದ್ದುಬಿಟ್ಟೆ. ನನ್ನ ಕಾಲುಗಳು ಯಾರನ್ನೂ ಕೇಳದೆ ಎದ್ದವು. ಎರಡು ಹೆಜ್ಜೆ ಇಟ್ಟಿದ್ದೆನೋ ಏನೋ.

"ನಿನಗಲ್ಲ," ಅಂದಳು ಅಮ್ಮ. ಅವಳು ನೋಡುತ್ತಿದ್ದದ್ದು ಭಾಬಿಯ ಕಡೆ.

ಭಾಬಿ ನಿಟ್ಟುಸಿರುಬಿಟ್ಟು ಎದ್ದಳು, ಮೊಣಕಾಲು ಹಿಡಿದುಕೊಂಡು. ಕಂಬಕ್ಕೆ ಒರಗಿಸಿದ್ದ ಫೋನನ್ನೂ ಎತ್ತಿಕೊಂಡು ಹೋದಳು. ಕೋಣೆಯಲ್ಲಿ ಅಮ್ಮ ಮತ್ತು ನಾನು ಉಳಿದೆವು. ನೀಲಿ ಇರಲಿಲ್ಲ. ಅಮ್ಮ ಫೋನಿದ್ದ ಜಾಗವನ್ನು, ದಾದಿ ತನ್ನ ಕೈಯನ್ನು ಮುಟ್ಟಿಸಿದ್ದ ಆ ಕಂಬವನ್ನು, ಸ್ವಲ್ಪ ಹೊತ್ತು ನೋಡಿದಳು. ನಾನು ಬಂದು ಅವಳ ಬಾಜು ಕುಳಿತೆ.

"ನೋಡಬೇ ನೀಲಿ," ಅಂದಳು ಬರೀ ಕಟ್ಟಿಗೆಗೆ. "ಒಮ್ಮೆ ಅಷ್ಟ ಹೇಳತೇನಿ."

ನೂಲನ್ನು ನನ್ನ ಬೆರಳಿಗೆ ಹಾಕಿದಳು. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ. ಅದು ನೀಲಿಗೆ ಹೇಳಿದ್ದು.

ಹೊರಗಿನಿಂದ ಭಾಬಿಯ ದನಿ ಬಂತು: "ಯಾರೂ ಇಲ್ರಿ ಅಮ್ಮಾ!"

"ಇನ್ನೊಮ್ಮೆ ಸರಿಯಾಗಿ ನೋಡು," ಎಂದು ಅಮ್ಮ ಕೂಗಿದಳು.