ನಿಮ್ಮ ಮೂರನೇ ಕಿಟಕಿ ಸೋರುತ್ತದಾ?

ಮೇಲೆತ್ತಿದ ಎರಡು ಕೈಗಳನ್ನು ಮರ್ಯಾದೆಯಿಂದ ಕೆಳಗಿಳಿಸುವುದು ಹೇಗೆ? ಕಳೆದ ಶನಿವಾರ ನೆಕ್ಕರ್ ನದಿಯ ಮೇಲೆ ನಿಂತು ನಾನು ಯೋಚಿಸುತ್ತಿದ್ದದ್ದು ಇದನ್ನೇ.

ಕೈ ಎತ್ತಿದ್ದು ಒಂದು ಬೋಟನ್ನು ನೋಡಿ. ಇಳಿಸಬೇಕು ಅನ್ನಿಸಿದ್ದು ಅದರೊಳಗಿದ್ದ ಮನುಷ್ಯನನ್ನು ನೋಡಿ.

ನಮ್ಮ ಬೋಟಿನ ಪುರಾಣ ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ನಾನು ಕುಂದಾಪುರದವಳು. ಕಡಲ ಪಕ್ಕದಲ್ಲೇ ಬೆಳೆದರೂ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ. ನನ್ನ ಗಂಡ ಪ್ರಕಾಶ ದಾವಣಗೆರೆಯವನು. ನೀರಿನ ಹುಚ್ಚು ಹಿಡಿದದ್ದು ಅವನಿಗೆ! ಸ್ಟುಟ್‌ಗಾರ್ಟಿಗೆ ಬಂದು ಕಾರುಗಳ ಬ್ರೇಕ್ ಡಿಸೈನ್ ಮಾಡುತ್ತಾ ಮಾಡುತ್ತಾ, ಬ್ರೇಕೇ ಇಲ್ಲದ ವಾಹನವೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ. ಪುಟ್ಟ ಕ್ಯಾಬಿನ್ ಬೋಟು. ಇಬ್ಬರು ಮಲಗಬಹುದು, ಒಬ್ಬರು ನಿಂತು ಚಹಾ ಮಾಡಬಹುದು. ಮೂರನೆಯವರು ಬಂದರೆ ಯಾರಾದರೊಬ್ಬರು ಹೊರಗೆ ಹೋಗಬೇಕು.

ಇದನ್ನು ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದೆ. ಉಳಿದಿರುವ ಬೋಟುಗಳು ಅಲ್ಲೊಂದು ಇಲ್ಲೊಂದು. ಮೊಂಡು ಮೂಗು, ಪಕ್ಕದಲ್ಲಿ ಮೂರು ಕಿಟಕಿ. ದೂರದಿಂದಲೇ ಗುರುತು ಸಿಗುತ್ತದೆ. ಹಾಗಾಗಿ ಇವುಗಳ ಮಾಲೀಕರಲ್ಲಿ ಒಂದು ಪದ್ಧತಿ ಬೆಳೆದುಬಂದಿದೆ. ನದಿಯಲ್ಲಿ ಬೇರೆ ಯಾವ ಬೋಟು ಎದುರಾದರೂ ಒಂದು ಕೈ ಎತ್ತಬೇಕು. ನಮ್ಮಂಥದ್ದೇ ಬೋಟು ಕಂಡರೆ ಎರಡೂ ಕೈ. ಜೆಟ್ಟಿಯಲ್ಲಿ ಸಿಕ್ಕರಂತೂ ಕ್ಯಾಬಿನ್ನಿನ ತಲೆ ತಟ್ಟಿ, "ಒಳಗೆ ನೋಡಬಹುದಾ?" ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. (ಜರ್ಮನಿಯಲ್ಲಿ ಸ್ವಾಮಿ! ಪಕ್ಕದ ಮನೆಯವರು ಆರು ವರ್ಷದಿಂದ ನಮ್ಮ ಹೊಸ್ತಿಲು ದಾಟಿಲ್ಲ.) ಹೋದ ವರ್ಷ ಒಬ್ಬ ಅಜ್ಜಿ ನೇರ ಒಳಗೆ ಬಂದು, ಹಾಸಿಗೆ ಎತ್ತಿ, ಗ್ಯಾಸ್ ಸಿಲಿಂಡರನ್ನು ನಾವು ಎಲ್ಲಿ ಇಟ್ಟಿದ್ದೇವೆ ಎಂದು ನೋಡಿ, ತಲೆಯಾಡಿಸಿ ಹೋದರು.

ಇವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಹೆಸರಲ್ಲ, ಊರಲ್ಲ. "ನಿಮ್ಮ ಮೂರನೇ ಕಿಟಕಿ ಸೋರುತ್ತದಾ?"

ಸೋರುತ್ತದೆ. ಎಲ್ಲರದ್ದೂ ಸೋರುತ್ತದೆ. ಎಡಗಡೆಯ ಮೂರನೇ ಕಿಟಕಿ, ಸರಿಯಾಗಿ ದಿಂಬಿನ ಮೇಲೆ. ಕಾರ್ಖಾನೆಯಲ್ಲೇ ಆದ ಎಡವಟ್ಟು. ಪ್ರಕಾಶ ಸಿಲಿಕೋನ್ ಹಚ್ಚಿದ, ರಬ್ಬರ್ ಬದಲಿಸಿದ, ಟೇಪು ಸುತ್ತಿದ. ಮಳೆ ಬಂದರೆ ಮಾತ್ರ ಈಗಲೂ ನನ್ನ ತಲೆಯ ಮೇಲೇ ತೊಟ್ಟಿಕ್ಕುತ್ತದೆ. ಬೆಡ್ಡಿನ ಆ ಪಕ್ಕ ನನ್ನದೇ ಯಾಕೆ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಇದು ನದಿಯ ಮೇಲಿನ ಪದ್ಧತಿ. ನೆಲದ ಮೇಲಿನದ್ದು ಬೇರೆ.

ನೆಲದ ಮೇಲೆ, ಅಂದರೆ Stadtbahn ಎಂಬ ಊರೊಳಗಿನ ಟ್ರಾಮಿನ ಪ್ಲಾಟ್‌ಫಾರ್ಮಿನ ಮೇಲೆ, ಒಬ್ಬ ಇಂಡಿಯನ್ ಇನ್ನೊಬ್ಬ ಇಂಡಿಯನ್ನನ್ನು ಕಂಡರೆ ಏನು ಮಾಡುತ್ತಾನೆ? ಮೊದಲು ಮುಖ ನೋಡುತ್ತಾನೆ. ಆಮೇಲೆ ಲ್ಯಾಪ್‌ಟಾಪ್ ಬ್ಯಾಗು, ಶೂ. ಆಮೇಲೆ ತಕ್ಷಣ ಫೋನು. ಫೋನಿನಲ್ಲಿ ಏನೂ ಇರುವುದಿಲ್ಲ. ಆದರೂ ಬಹಳ ಮುಖ್ಯವಾದದ್ದೇನೋ ಬಂದಂತೆ ಹುಬ್ಬು ಗಂಟಿಕ್ಕುತ್ತಾನೆ. ನಾನೂ ಹಾಗೇ ಮಾಡುತ್ತೇನೆ. ನೀವೂ ಮಾಡುತ್ತೀರಿ, ಸುಳ್ಳು ಹೇಳಬೇಡಿ. ಮಾತಾಡಿಸಿದರೆ ಯಾವ ಕಂಪನಿ, ಬಾಡಿಗೆ ಎಷ್ಟು, ಪಾಸ್‌ಪೋರ್ಟ್ ಬದಲಾಯಿಸಿದಿರಾ ಎಂದೆಲ್ಲ ಶುರುವಾಗುತ್ತದೆ. ಮುಂದಿನ ವಾರ ಯಾವುದೋ ವಾಟ್ಸ್ಯಾಪ್ ಗ್ರೂಪಿನಲ್ಲಿ ಇರುತ್ತೇವೆ. ಅದಕ್ಕಿಂತ ಹುಬ್ಬು ಗಂಟಿಕ್ಕುವುದು ಸುಲಭ.

ನಮ್ಮ ಪ್ಲಾಟ್‌ಫಾರ್ಮಿನಲ್ಲೂ ಹೀಗೆ ಒಬ್ಬರಿದ್ದಾರೆ. ನಲವತ್ತರ ಆಸುಪಾಸು, ಕನ್ನಡಕ, ನೀಲಿ ಜಾಕೆಟ್ಟು. ವರ್ಷಗಳಿಂದ ದಿನಾ ಬೆಳಿಗ್ಗೆ ಅದೇ ಟ್ರಾಮಿಗೆ ಕಾಯುತ್ತೇವೆ. ಮೊದಮೊದಲು ಹತ್ತಿರವೇ ನಿಲ್ಲುತ್ತಿದ್ದರು. ಕ್ರಮೇಣ ಪ್ಲಾಟ್‌ಫಾರ್ಮಿನ ಆ ತುದಿಗೆ ಸರಿದರು. ಎಂಥ ಅಹಂಕಾರ ಅಂದುಕೊಂಡೆ. ಅಂದುಕೊಂಡು ನನ್ನ ಪಾಡಿಗೆ ನಾನು ಅಮ್ಮನಿಗೆ ಫೋನ್ ಮಾಡಿದೆ.

ಬೆಳಗಿನ ಆ ಹೊತ್ತು ಅಮ್ಮನದು. ಅಲ್ಲಿ ಅವಳ ಅಡುಗೆ ಮುಗಿದು, ತಮ್ಮನ ಮಕ್ಕಳು ಶಾಲೆಗೆ ಹೋಗಿ, ಮನೆಯಲ್ಲಿ ಸ್ವಲ್ಪ ಸದ್ದು ಕಡಿಮೆಯಾಗಿರುತ್ತಿತ್ತು. ಅಮ್ಮನಿಗೆ ಕಿವಿ ತುಸು ಮಂದ. ಹಾಗಾಗಿ ಕೂಗಿ ಮಾತಾಡುವುದು ಅಭ್ಯಾಸ. ನಾನೂ ಸ್ಪೀಕರ್ ಹಾಕಿಕೊಂಡು ಕೂಗುತ್ತಿದ್ದೆ. ಇಲ್ಲಿ ಯಾರಿಗೆ ಅರ್ಥವಾಗುತ್ತದೆ? ನಾದಿನಿಯ ಜಿಪುಣತನ, ಬಾಸಿನ ಕೊಂಕು, ಪ್ರಕಾಶನ ಗೊರಕೆ, ಬೋಟಿನ ಸೋರಿಕೆ, ಎಲ್ಲ ಆ ಪ್ಲಾಟ್‌ಫಾರ್ಮಿನ ಮೇಲೇ ಹರಿದು ಹೋಗುತ್ತಿತ್ತು. ಸೋರಿಕೆಗೆ ಅಮ್ಮನ ಬಳಿ ಮದ್ದಿತ್ತು. "ಹಲ್ಸಿನ್ ಮೇಣ ಹಚ್ಚ್ ಮಾರಾಯ್ತಿ. ಒಂದ್ ಹನಿ ನೀರ್ ಒಳ್ಗ್ ಬತ್ತಿಲ್ಲೆ." ಪ್ರತಿ ಸಲವೂ ಇದನ್ನೇ ಹೇಳುತ್ತಿದ್ದಳು. ಪ್ರತಿ ಸಲವೂ ನಾನು ನಗುತ್ತಿದ್ದೆ. ಸ್ಟುಟ್‌ಗಾರ್ಟಿನಲ್ಲಿ ಹಲಸಿನ ಮೇಣವಂತೆ!

ಈ ಜನವರಿಯಲ್ಲಿ ಅಮ್ಮ ಹೋದಳು.

ಊರಿಗೆ ಹೋಗಿ, ಕಾರ್ಯ ಮುಗಿಸಿ, ವಾಪಸು ಬಂದೆ. ಆಫೀಸಿನಲ್ಲಿ ಎಲ್ಲರೂ ಸಹಿ ಮಾಡಿದ ಕಾರ್ಡು ಕೊಟ್ಟರು. ಒಳ್ಳೆಯವರು. ಆದರೆ ಅವರಾರೂ ಅಮ್ಮನನ್ನು ನೋಡಿಲ್ಲ, ಅವಳ ದನಿ ಕೇಳಿಲ್ಲ. "ಹೇಗಿದ್ದರು ನಿಮ್ಮ ತಾಯಿ?" ಎಂದು ಒಬ್ಬರು ಕೇಳಿದಾಗ ಜರ್ಮನ್ನಿನಲ್ಲಿ ಏನು ಹೇಳಬೇಕೋ ತೋಚಲಿಲ್ಲ. ಪ್ರಕಾಶ ಬಿಟ್ಟರೆ ಈ ಊರಿನಲ್ಲಿ ಅಮ್ಮ ಗೊತ್ತಿದ್ದವರು ಯಾರೂ ಇಲ್ಲ. ಪ್ರಕಾಶನ ಎದುರು ಎಷ್ಟು ಅಂತ ಅಳುವುದು? ಅಮ್ಮನ ಬಗ್ಗೆ ಮಾತಾಡುವುದನ್ನೇ ಬಿಟ್ಟೆ. ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ಫೋನು ಹಿಡಿದು ನಿಲ್ಲುತ್ತಿದ್ದೆ. ಈ ಬೇಸಿಗೆಯಲ್ಲಿ ಬೋಟನ್ನೂ ಹತ್ತಿರಲಿಲ್ಲ. ಶನಿವಾರ ಹೊರಟದ್ದು ಪ್ರಕಾಶನ ಕಾಟ ತಡೆಯಲಾರದೆ.

ಈಗ ಎತ್ತಿದ ಕೈಗೆ ಬರೋಣ.

ನೆಕ್ಕರಿನಲ್ಲಿ ಅಲ್ಲಲ್ಲಿ Schleuse ಇವೆ. ಬೋಟನ್ನು ಒಳಗೆ ಬಿಟ್ಟು, ಗೇಟು ಮುಚ್ಚಿ, ನೀರಿಳಿಸಿ, ನದಿಯ ಕೆಳಗಿನ ಮಟ್ಟಕ್ಕೆ ತಲುಪಿಸುವ ಕಾಂಕ್ರೀಟ್ ತೊಟ್ಟಿಗಳು. ಅಂಥದ್ದೊಂದರ ಮುಂದೆ ಸರದಿಗಾಗಿ ಕಾಯುತ್ತಿದ್ದೆವು. ಹಿಂದಿನಿಂದ ಒಂದು ಮೊಂಡು ಮೂಗು ಬಂತು.

"ಏ, ನಮ್ಮಂಥದ್ದೇ ಐತಿ ನೋಡು! ಎತ್ತು, ಎತ್ತು, ಎರಡೂ ಕೈ ಎತ್ತು!" ಎಂದ ಪ್ರಕಾಶ. ಎತ್ತಿದೆ. ಆ ಬೋಟಿನವರೂ ಚುಕ್ಕಾಣಿ ಬಿಟ್ಟು ಎರಡೂ ಕೈ ಎತ್ತಿದರು. ಹತ್ತಿರ ಬಂದರು. ಕನ್ನಡಕ. ನೀಲಿ ಜಾಕೆಟ್ಟು.

ನನ್ನ ಕೈ ಕಿವಿಯ ಮಟ್ಟಕ್ಕೆ ಇಳಿದು ಅಲ್ಲೇ ನಿಂತಿತು. ಅವರದೂ ಅಷ್ಟೇ. ಇಬ್ಬರೂ ಪೊಲೀಸರಿಗೆ ಶರಣಾದವರಂತೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತೆವು. ಬೋಟಿನ ಪದ್ಧತಿ ಪಾಲಿಸುವುದೋ, ಪ್ಲಾಟ್‌ಫಾರ್ಮಿನ ಪದ್ಧತಿಯೋ?

ಅಭ್ಯಾಸಬಲದಿಂದ ಜೇಬಿನ ಫೋನಿಗೆ ಕೈ ಹಾಕುತ್ತಿದ್ದೆನೇನೋ. ಅಷ್ಟರಲ್ಲಿ ಲೌಡ್‌ಸ್ಪೀಕರಿನಲ್ಲಿ ಆಜ್ಞೆ ಬಂತು. ಮುಂದೆ ಸರಕು ಹಡಗು ಇದೆ, ಜಾಗ ಕಡಿಮೆ, ಸಣ್ಣ ಬೋಟುಗಳೆರಡೂ ಪಕ್ಕಪಕ್ಕ ಅಂಟಿಕೊಂಡು ನಿಲ್ಲಬೇಕು. ಒಳಗೆ ಹೋದೆವು. ಪ್ರಕಾಶ ಮುಂದಿನ ಹಗ್ಗ ಹಿಡಿದ, ನಾನು ಹಿಂದಿನದು. ಅವರು ನಮ್ಮ ಬೋಟಿನ ಕಂಬಿ ಹಿಡಿದುಕೊಂಡರು, ನನ್ನಿಂದ ಒಂದು ಮಾರು ದೂರದಲ್ಲಿ. ಗೇಟು ಮುಚ್ಚಿತು. ಇಲ್ಲಿ ಹಗ್ಗ ಕಟ್ಟಿಬಿಡುವಂತಿಲ್ಲ. ನೀರಿಳಿದಂತೆಲ್ಲ ಸಡಿಲಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಬೋಟು ಗೋಡೆಗೆ ನೇತಾಡುತ್ತದೆ. ಯಾರಿಗೂ ಫೋನ್ ನೋಡಲು ಕೈ ಖಾಲಿ ಇರಲಿಲ್ಲ.

ಪ್ರಕಾಶನಿಗೆ ಈ ಪ್ಲಾಟ್‌ಫಾರ್ಮ್ ರಾಜಕೀಯ ಒಂದೂ ಗೊತ್ತಿಲ್ಲ. ಮುಂದಿನಿಂದಲೇ ಪದ್ಧತಿ ಪ್ರಕಾರ ಜರ್ಮನ್ನಿನಲ್ಲಿ ಕೂಗಿದ. "ನಿಮ್ಮ ಮೂರನೇ ಕಿಟಕಿ ಸೋರುತ್ತದಾ?"

ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಹೇಳಿದರು.

"ಇಲ್ಲ ಸಾರ್. ನಮ್ದು ಸೋರಲ್ಲ."

ಅಚ್ಚ ಮೈಸೂರು ಕನ್ನಡ.

ಪ್ರಕಾಶ ಖುಷಿಯಿಂದ ಹಗ್ಗ ಬಿಡುವುದೊಂದು ಬಾಕಿ. ನನಗೆ ಮಾತ್ರ ಕಾಲಡಿಯ ನೀರು ಬೇಗ ಇಳಿಯಬಾರದೇ ಅನ್ನಿಸಿತು. ಇಷ್ಟು ವರ್ಷ ನಾನು ಆ ಪ್ಲಾಟ್‌ಫಾರ್ಮಿನ ಮೇಲೆ ಏನೇನು ಕೂಗಿದ್ದೇನೆ? ನಾದಿನಿ! ಗೊರಕೆ! ಒಮ್ಮೆ ನನ್ನ ಮೂಲವ್ಯಾಧಿಯ ಬಗ್ಗೆಯೂ ವಿವರವಾಗಿ ಮಾತಾಡಿದ ನೆನಪು!

"ನೀವು ಕನ್ನಡದವರಾ?" ಎಂದೆ. ಇದಕ್ಕಿಂತ ಪೆದ್ದು ಪ್ರಶ್ನೆ ಇರಲಾರದು.

"ಗುರುರಾಜ್ ಅಂತ ಮೇಡಂ. ಮೈಸೂರು, ಸರಸ್ವತಿಪುರಂ," ಎಂದರು. ಮುಖ ನನ್ನಷ್ಟೇ ಕೆಂಪಾಗಿತ್ತು. "ಮೊದಲನೇ ದಿನಾನೇ ಮಾತಾಡಿಸ್ಬೇಕಿತ್ತು. ಆದ್ರೆ ಅವತ್ತು ನೀವು ನಿಮ್ಮ ನಾದಿನಿ ಬಗ್ಗೆ ಹೇಳ್ತಾ ಇದ್ರಿ. ಅಷ್ಟೆಲ್ಲ ಕೇಳಿಸ್ಕೊಂಡು, ಆಮೇಲೆ ನಾನೂ ಕನ್ನಡದವ್ನೇ ಅಂತ ಹೆಂಗೆ ಹೇಳೋದು? ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಇನ್ನೇನೋ ಬಂತು. ಕೇಳಬಾರ್ದು ಅಂತ ಆ ತುದೀಗೆ ಹೋಗಿ ನಿಂತೆ. ನಿಮ್ಮ ಅಮ್ಮನ ದನಿ ಅಲ್ಲಿಗೂ ಬರ್ತಿತ್ತು."

ಪ್ರಕಾಶ ಅಲ್ಲಿಂದ, "ಏನಂತೆ, ನಾದಿನಿ ಬಗ್ಗೆ?" ಎಂದ. (ನನ್ನ ನಾದಿನಿ ಎಂದರೆ ಅವನ ತಂಗಿ.) ಹಗ್ಗ ನೋಡಿಕೋ ಎಂದೆ.

"ಈ ಬೋಟ್ ತಗೊಂಡಿದ್ದೂ ನಿಮ್ಮಿಂದಾನೇ," ಎಂದರು ಗುರುರಾಜ್. "ಪ್ರತಿ ಸೋಮವಾರ ಅಮ್ಮಂಗೆ ಹೇಳ್ತಿದ್ರಲ್ಲ, ಬಾತುಕೋಳಿ ಒಳಗೇ ಬಂತು, ದ್ರಾಕ್ಷಿ ತೋಟದ ಕೆಳಗೆ ಚಹಾ ಕುಡಿದ್ವಿ ಅಂತ. ಕೇಳಿ ಕೇಳಿ ಆಸೆ ಆಯ್ತು."

ಕಂಬಿಯ ಮೇಲಿನ ಕೈ ಬದಲಿಸಿದರು. ಒದ್ದೆ ಗೋಡೆ ನಮ್ಮ ಪಕ್ಕದಲ್ಲಿ ಎತ್ತರವಾಗುತ್ತಿತ್ತು.

"ಅಮ್ಮ ಹೋದ್ರಾ ಮೇಡಂ?"

ನಾನು ತಲೆಯಾಡಿಸಿದೆ.

"ಜನವರಿಯಿಂದ ದನಿ ಕೇಳಿಲ್ಲ. ಒಂದಿನ ನೀವು ಫೋನ್ ಹಿಡ್ಕೊಂಡು ಹಂಗೇ ನಿಂತಿದ್ರಿ. ಅವತ್ತೇ ಗೊತ್ತಾಯ್ತು. ಮನೇಲಿ ನನ್ನ ಹೆಂಡ್ತೀಗೂ ಹೇಳ್ದೆ, ಕುಂದಾಪುರದ ಅಮ್ಮ ಹೋದ್ರು ಅನ್ಸುತ್ತೆ ಅಂತ. ಅವಳೂ ಬೇಜಾರು ಮಾಡ್ಕೊಂಡ್ಳು. ನಿಮ್ಮನ್ನ ಕೇಳೋಕೆ ಮಾತ್ರ ಧೈರ್ಯ ಬರ್ಲಿಲ್ಲ."

ಯೋಚಿಸಿ. ನಾನು ಆ ತುದಿಯಲ್ಲಿ ನಿಂತ ಅಹಂಕಾರಿಯನ್ನು ಬೈದುಕೊಳ್ಳುತ್ತಿದ್ದಾಗ, ಈ ಊರಿನ ಯಾವುದೋ ಮನೆಯಲ್ಲಿ ನಾನು ಕಂಡೇ ಇರದ ಹೆಂಗಸೊಬ್ಬಳು ನನ್ನ ಅಮ್ಮನಿಗಾಗಿ ಬೇಜಾರು ಮಾಡಿಕೊಂಡಿದ್ದಳು. ಹಗ್ಗ ಹಿಡಿದ ಕೈಯಲ್ಲಿ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಹಾಗೇ ಅತ್ತುಬಿಟ್ಟೆ. ಗೇಟು ತೆರೆಯಿತು.

ಮುಂದಿನ ಊರಿನ ಜೆಟ್ಟಿಯಲ್ಲಿ ಪದ್ಧತಿ ಪ್ರಕಾರ ಅವರ ಕ್ಯಾಬಿನ್ನಿನ ತಲೆ ತಟ್ಟಿದ್ದು ಪ್ರಕಾಶ. ಸೋರದ ಮೂರನೇ ಕಿಟಕಿಯನ್ನು ಕಣ್ಣಾರೆ ನೋಡದೆ ಅವನಿಗೆ ಊಟ ಸೇರುವುದಿಲ್ಲ. ನಾನೂ ಹಿಂದೆಯೇ ಬಗ್ಗಿ ಒಳಗೆ ಹೋದೆ. ಎಲ್ಲ ನಮ್ಮದರಂತೆಯೇ. ಅದೇ ಬೆಂಚು, ಅದೇ ಗಿಡ್ಡ ಬಾಗಿಲು. ಎಡಗಡೆಯ ಮೂರನೇ ಕಿಟಕಿಯ ಅಂಚಿಗೆ ಮಾತ್ರ ಕಪ್ಪುಗಂದು ಬಣ್ಣದ ಏನೋ ಮೆತ್ತಿತ್ತು. ಅಂಕುಡೊಂಕು, ಬೆರಳ ಗುರುತು ಹಾಗೇ ಉಳಿದಿತ್ತು.

"ಹಲಸಿನ ಮೇಣ," ಎಂದರು ಗುರುರಾಜ್. "ನಂಜನಗೂಡಿನ ಹತ್ರ ನಮ್ಮ ದೊಡ್ಡಪ್ಪಂದು ಮರ ಇದೆ. ಹೋದ ಬೇಸಿಗೇಲಿ ಕೋಲಿಗೆ ಸುತ್ತಿಸ್ಕೊಂಡು ತಂದೆ. ಏರ್‌ಪೋರ್ಟಲ್ಲಿ ಇದೇನು ಅಂತ ಕೇಳಿದ್ರು, ಬೋಟಿಗೆ ಔಷಧಿ ಅಂದೆ. ಎಷ್ಟು ದಿನ ನಿಲ್ಲುತ್ತೋ ಏನೋ. ಇಲ್ಲೀವರ್ಗೂ ಒಂದು ಹನಿ ಬಂದಿಲ್ಲ."

ಅಮ್ಮ ಮಗಳಿಗೆ ಎಷ್ಟು ಸಲ ಹೇಳಿದ್ದಳು! ಮಗಳು ನಕ್ಕಳು. ಆ ತುದಿಯಲ್ಲಿ ನಿಂತಿದ್ದವರು ಕೇಳಿಸಿಕೊಂಡರು. ಬೆರಳಿನಿಂದ ಮುಟ್ಟಿದೆ. ಗಟ್ಟಿಯಾಗಿತ್ತು, ಸ್ವಲ್ಪ ಅಂಟಂಟು ಕೂಡ.

ಪ್ರಕಾಶ ಅಲ್ಲೇ ಅರ್ಧ ಕೋಲು ಮೇಣ ಸಾಲ ಕೇಳಿದ. (ದಾವಣಗೆರೆಯವರಿಗೆ ಸಂಕೋಚ ಕಡಿಮೆ.)

ಸೋಮವಾರ ಬೆಳಿಗ್ಗೆ ಪ್ಲಾಟ್‌ಫಾರ್ಮಿಗೆ ಹೋದೆ. ಗುರುರಾಜ್ ಆ ತುದಿಯಿಂದ ನಡೆದು ಬಂದು ನನ್ನ ಪಕ್ಕ ನಿಂತರು. ಆಮೇಲೆ ಅವರೇ ಕೇಳಿದರು.

"ಮೇಡಂ, ಡಿಸೆಂಬರಲ್ಲಿ ಅಮ್ಮ ಒಂದು ಮದುವೆ ಕಥೆ ಹೇಳ್ತಿದ್ರು. ಅಡುಗೆ ಭಟ್ರು ಬೆಳಿಗ್ಗೆವರ್ಗೂ ಬರ್ಲೇ ಇಲ್ಲ, ಐನೂರು ಜನ ಊಟಕ್ಕೆ ಬರೋರು ಅಂತ. ಅಷ್ಟರಲ್ಲಿ ಟ್ರಾಮ್ ಬಂದ್ಬಿಡ್ತು. ಕೊನೆಗೆ ಊಟಕ್ಕೇನ್ ಮಾಡಿದ್ರು?"

ಹೇಳಿದೆ. ಅಮ್ಮ ಹೇಳುತ್ತಿದ್ದ ಹಾಗೆಯೇ, ಕುಂದಾಪುರ ಕನ್ನಡದಲ್ಲಿ, ಕೈ ಬೀಸಿಕೊಂಡು, ಕೂಗಿ ಕೂಗಿ. ಜನವರಿಯ ನಂತರ ಆ ಪ್ಲಾಟ್‌ಫಾರ್ಮಿನ ಮೇಲೆ ನನ್ನ ದನಿ ಎತ್ತರವಾದದ್ದು ಅದೇ ಮೊದಲು. ಬಂದ ಟ್ರಾಮನ್ನು ಇಬ್ಬರೂ ಬಿಟ್ಟುಬಿಟ್ಟೆವು.

ನಿಮ್ಮ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಫೋನ್ ನೋಡುವ ನಟನೆ ಮಾಡುತ್ತಾ, ನಿಮ್ಮ ಅಮ್ಮನ ಕಥೆಯ ಉಳಿದರ್ಧಕ್ಕೆ ಕಾಯುತ್ತಾ ನಿಂತಿರುವವರು ಯಾರು?