ಬಲಕ್ಕೆ ಬಿದ್ದ ದಾಸವಾಳ

ಕೇಳಿದಿರಾ, ಇವತ್ತು ದೇವಿ ನನ್ನ ಪಕ್ಷ ಬಿಟ್ಟುಬಿಟ್ಟಳು! ಕೋಪರಖೈರಣೆಯ ನಮ್ಮ ಮನೆ ಬಿಟ್ಟು ನೌಪಾಡಾದಲ್ಲಿ ಒಬ್ಬಳೇ ಬಾಡಿಗೆಗೆ ಇರುತ್ತೇನೆಂದು ಇಪ್ಪತ್ತಾರರ ಮಗಳ ಹಟ. ನನಗೆ ಇಷ್ಟವಿಲ್ಲ.

"ದೇವಿಯನ್ನೇ ಕೇಳುವ" ಎಂದು ಪಟದ ಮೇಲೆ ದಾಸವಾಳ ಇಟ್ಟೆ. ಬಲಕ್ಕೆ ಬಿದ್ದರೆ ಹೋಗಬಹುದು, ಎಡಕ್ಕೆ ಬಿದ್ದರೆ ಇಲ್ಲ. ಕಣ್ಣು ಮುಚ್ಚಿ ಬೇಡಿಕೊಂಡೆ. ತೆರೆದರೆ ಹೂ ಬಲಕ್ಕೆ ಬಿದ್ದಿದೆ! ದೀಪಕ್ಕೆಂದು ನಿಲ್ಲಿಸಿದ್ದ ಫ್ಯಾನ್ ಗಿರಗಿರ ತಿರುಗುತ್ತಿದೆ. ಸ್ವಿಚ್ಚಿನ ಹತ್ತಿರ ಎಪ್ಪತ್ತೆಂಟರ ಅತ್ತೆ.

"ಅತ್ತೆ, ನೀವಾ ಹಾಕಿದ್ದು?"

"ಸೆಕೆ ಮಾರಾಯ್ತಿ. ಯಾವಾಗ ಹೊರಡುವುದು? ನನ್ನ ಸೀರೆ ಕಟ್ಟಿಟ್ಟಾಯ್ತು."

ಬಲಕ್ಕೆ ಬಿದ್ದ ಹೂ ನೋಡಿ ಕುಣಿಯುತ್ತಿದ್ದ ಮಗಳು ಪೆಚ್ಚಾದಳು. "ಅಜ್ಜಿ, ಆಪ್ ಭೀ? ನೀವೂ ಬರುವುದಾ?"

ಬಲಕ್ಕೆ ಬಿದ್ದರೆ ಅಜ್ಜಿಯೂ ಬರಲಿ, ಎಡಕ್ಕೆ ಬಿದ್ದರೆ ಬೇಡ ಎಂದು ಅವಳೇ ಇನ್ನೊಂದು ಹೂವಿಟ್ಟು, ಫ್ಯಾನ್ ನಿಲ್ಲಿಸಿ, ಕಣ್ಣು ಮುಚ್ಚಿದಳು.

ದೇವಿ ಕ್ಷಮಿಸಲಿ, ಈ ಸಲ ಫ್ಯಾನ್ ಹಾಕಿದ್ದು ನಾನು.