ಅತ್ತೆಯ ಹೆಬ್ಬೆಟ್ಟಿಗೊಂದು ಲೋಷನ್

ತೆಂಗಿನ ಸೀಮೆಯಲ್ಲಿ ಹುಟ್ಟಿದವಳಿಗೆ ಲೋಷನ್ ಕೊಳ್ಳುವುದೆಂದರೆ ನಾಚಿಕೆಯ ಕೆಲಸ. ಚಳಿಗೆ ಕಾಲು ಬಿರಿದರೆ ಕೊಬ್ಬರಿ ಎಣ್ಣೆ, ತುಟಿ ಒಡೆದರೆ ಬೆಣ್ಣೆ, ಅದಕ್ಕೂ ಬಗ್ಗದಿದ್ದರೆ ಹಣೆಬರಹ. ಆಫೀಸಿನ ಹುಡುಗಿಯರು ಬ್ಯಾಗಿನಿಂದ ಬಾಟಲಿ ತೆಗೆದು ಕೈಗೆ ಸವರಿಕೊಳ್ಳುವಾಗ ನಾನು ಬೇಕಂತಲೇ ನಗುತ್ತಿದ್ದೆ. ಅಂಥವಳು ಒಂದು ಸಂಜೆ ತುಮಕೂರಿನ ಮೆಡಿಕಲ್ ಸ್ಟೋರಿನಲ್ಲಿ ಅರ್ಧ ಗಂಟೆ ನಿಂತು ಲೋಷನ್ ಆರಿಸಿದೆ. ಅದೂ ಅತ್ತೆಯ ಹೆಬ್ಬೆಟ್ಟಿಗೆ.

ನಮ್ಮ ಮನೆ ಗುಬ್ಬಿಯಲ್ಲಿ. ಅತ್ತೆ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆಯವರು. ಹುಣಸೆಮರದ ಕೆಳಗೇ ಬೆಳೆದೆ ಎನ್ನುತ್ತಾರೆ. ಪ್ರತಿ ಬೇಸಿಗೆ ಪಡಸಾಲೆಯಲ್ಲಿ ಕೂತು ಮೂಟೆಗಟ್ಟಲೆ ಹುಣಸೆಹಣ್ಣು ಬಡಿದು, ನಾರು ಎಳೆದು, ಬೀಜ ಬಿಡಿಸುತ್ತಾರೆ. ಬೇಡವೆಂದರೆ ಕೇಳುವ ಜನವಲ್ಲ. ನಲವತ್ತು ವರ್ಷದ ಹುಳಿ ಅವರ ಹೆಬ್ಬೆರಳು, ತೋರುಬೆರಳುಗಳ ಗೆರೆಗಳನ್ನೆಲ್ಲ ತಿಂದುಹಾಕಿ ಬರೀ ಬಿರುಕು ಉಳಿಸಿತ್ತು.

ಆ ವರ್ಷ ರೇಷನ್ ಕಾರ್ಡಿನಲ್ಲಿ ಹೆಸರಿರುವವರೆಲ್ಲ ತಿಂಗಳ ಕೊನೆಯೊಳಗೆ ರೇಷನ್ ಅಂಗಡಿಗೆ ಬಂದು ಬೆರಳು ಒತ್ತಬೇಕೆಂದು ಹೇಳಿಕಳಿಸಿದರು. ನಮ್ಮೆಲ್ಲರದೂ ಆಯಿತು. ಅತ್ತೆಯ ಹೆಬ್ಬೆಟ್ಟನ್ನು ಮಿಷನ್ ನಾಲ್ಕು ಸಲ ಒಪ್ಪಲಿಲ್ಲ. ಅಂಗಡಿಯವರು ಒಳ್ಳೆಯ ಮಾತಿನಲ್ಲೇ ಹೇಳಿದರು: ಎಣ್ಣೆ ಜಿಡ್ಡು ಇರಬಾರದು, ಚೆನ್ನಾಗಿ ಉಜ್ಜಿಕೊಂಡು ಇನ್ನೊಂದು ದಿನ ಬನ್ನಿ, ಆಗಲೂ ಬರದಿದ್ದರೆ ಹೆಸರು ಬಿಟ್ಟುಹೋಗಬಹುದು.

ಮನೆಯ ಮೆಟ್ಟಿಲು ಹತ್ತುವಾಗ ಅತ್ತೆ, "ಬದ್ಕೇ ಇದೀನಲ್ಲೇ. ಹೆಸ್ರು ಯಾಕ್ ತೆಗೀತಾರೆ?" ಎಂದರು.

ಮನೆ ಮಾವನ ಹೆಸರಿನಲ್ಲಿದೆ, ತೋಟ ಮಗನ ಹೆಸರಿನಲ್ಲಿದೆ. ಈ ಒಂದು ಕಾರ್ಡಿನಲ್ಲಿ ಮಾತ್ರ ಮನೆಯ ಯಜಮಾನಿ ಎಂದು ಅವರ ಫೋಟೋ ಇದೆ, ಅವರ ಹೆಸರು ಎಲ್ಲರಿಗಿಂತ ಮೇಲಿದೆ. ಅವರಿಗೆ ಓದಲು ಬರುವುದಿಲ್ಲ, ಆದರೆ ಅದು ಯಾವ ಸಾಲು ಎಂದು ಗೊತ್ತು. ಕಾರ್ಡನ್ನು ದೇವರ ಗೂಡಿನಲ್ಲಿ ಇಡುತ್ತಾರೆ.

ಎಣ್ಣೆ ಹಚ್ಚುವಂತಿಲ್ಲ, ಲೋಷನ್ನಿನಿಂದ ಬಿರುಕು ಮುಚ್ಚಿದರೆ ಗೆರೆ ಮೂಡೀತು ಎಂದುಕೊಂಡೆ. ಮೆಡಿಕಲ್ ಸ್ಟೋರಿನಲ್ಲಿ ಗೋಡೆ ತುಂಬ ಬಾಟಲಿ. ಬಾದಾಮಿ, ಲೋಳೆಸರ, ಗುಲಾಬಿ, ಹಾಲು, ಜೇನು. ಊಟಕ್ಕೋ ಮೈಗೋ ತಿಳಿಯದು. ಒಂದರ ಮೇಲೆ ತೆಂಗಿನಕಾಯಿಯ ಚಿತ್ರ ನೋಡಿ ಮೈಯೆಲ್ಲ ಉರಿಯಿತು. ನಮ್ಮ ಕಾಯಿಯನ್ನು ನಮಗೇ ಮಾರುತ್ತಾರಲ್ಲ, ಎಲಾ ಇವರ! ಕೌಂಟರಿನಲ್ಲಿದ್ದ ಹೆಂಗಸು ಯಾರಿಗೆ ಬೇಕು ಎಂದು ಕೇಳಿದರು. ವಿಷಯ ಹೇಳಿದೆ. ಆಕೆ ನಗಲಿಲ್ಲ. ಘಮಘಮ ಅನ್ನುವುದು ಬಿರಿದ ಚರ್ಮಕ್ಕೆ ಉರಿ, ನೀರಿನ ಹಾಗಿರುವುದು ಹೊತ್ತು ನಿಲ್ಲದು, ವಾಸನೆಯಿಲ್ಲದ ಗಟ್ಟಿ ಲೋಷನ್ ತೆಗೆದುಕೊಳ್ಳಿ ಎಂದರು. ಕೈ ತೊಳೆದು ತೇವ ಆರುವ ಮೊದಲೇ ಹಚ್ಚಬೇಕಂತೆ. ಹುಣಸೆಹಣ್ಣನ್ನು ಮಾತ್ರ ಮುಟ್ಟಿಸಬೇಡಿ ಎಂದು ಎರಡು ಸಲ ಹೇಳಿದರು.

ಅತ್ತೆಗೆ ಬಾಟಲಿ ಹಿಡಿಸಲಿಲ್ಲ. ವಾಸನೆಯೇ ಇಲ್ಲದ್ದನ್ನು ದುಡ್ಡು ಕೊಟ್ಟು ತಂದ ಪೆದ್ದಿ ಎಂದು ಪಕ್ಕದ ಮನೆಗೂ ಕೇಳುವಂತೆ ಆಡಿಕೊಂಡರು. ಆದರೂ ಹುಣಸೆ ಮೂಟೆಯನ್ನು ಮೂಲೆಗೆ ತಳ್ಳಿ, ಸಂಜೆಯಾದರೆ ಬಂದು ಕೈ ಚಾಚುತ್ತಿದ್ದರು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವರ ಕಾಲು ಎಷ್ಟು ಸಲ ಮುಟ್ಟಿದ್ದೆನೋ, ಕೈ ಹಿಡಿದಿರಲಿಲ್ಲ. ಹೆಬ್ಬೆರಳಿಗೆ ಹಚ್ಚಿ ಉಳಿದದ್ದನ್ನು ಮಿಕ್ಕ ಬೆರಳುಗಳಿಗೂ ತಿಕ್ಕುತ್ತಿದ್ದೆ. ಹತ್ತನೆಯ ದಿನಕ್ಕೆ ಬಿರುಕು ಕೂಡಿತು. ಕನ್ನಡಕ ಹಾಕಿಕೊಂಡು ನೋಡಿದರೆ ಹೆಬ್ಬೆಟ್ಟಿನಲ್ಲಿ ಮಸುಕಾಗಿ ಎರಡು ಮೂರು ಗೆರೆ ಕಂಡವು. ನನಗೆ ಹಿಗ್ಗೋ ಹಿಗ್ಗು.

ಕೊನೆಯ ದಿನ ಬೆಳಿಗ್ಗೆ ನಾನು ಸೀರೆ ಉಟ್ಟು ಹೊರಗೆ ಬಂದರೆ, ಅತ್ತೆ ಬಚ್ಚಲ ಕಲ್ಲಿನ ಹತ್ತಿರ ಕೂತು ಹುಣಸೆಹಣ್ಣು, ಉಪ್ಪು ಹಾಕಿಕೊಂಡು ಹೆಬ್ಬೆಟ್ಟು ಉಜ್ಜುತ್ತಿದ್ದರು, ಹಬ್ಬಕ್ಕೆ ಹಿತ್ತಾಳೆ ದೀಪ ಬೆಳಗುವ ಹಾಗೆ. ಬೆರಳು ಕೆಂಪಗೆ, ನುಣ್ಣಗೆ ಹೊಳೆಯುತ್ತಿತ್ತು.

"ಚೆನ್ನಾಗ್ ಉಜ್ಕೊಂಡ್ ಬಾ ಅಂತ ಅವ್ನೇ ಹೇಳಿಲ್ವ? ಜಿಡ್ಡಿನ ಬೆಟ್ಟು ಕೊಡಕ್ಕಾಯ್ತದಾ?" ಎಂದರು.

ನಾನು ಬಾಯಿಗೆ ಬಂದಂತೆ ಅಂದೆ. ಹತ್ತು ದಿನ ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದೆ. ನಿಮಗೆ ಅಷ್ಟೂ ತಿಳಿಯುವುದಿಲ್ಲವೇ ಎಂದೂ ಅಂದುಬಿಟ್ಟೆ. ಅತ್ತೆ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಚಪ್ಪಲಿ ಮೆಟ್ಟಿದರು. ಹಾಗನ್ನಬಾರದಿತ್ತು. ಇವತ್ತು ನೆನೆದರೂ ಬೇಜಾರಾಗುತ್ತದೆ.

ಅಂಗಡಿಯಲ್ಲಿ ಹೆಬ್ಬೆಟ್ಟು ಎರಡು ಸಲ ವಾಪಸ್ ಬಂತು. ತೋರುಬೆರಳೂ ಅಷ್ಟೇ. ಬೇರೆ ಬೆರಳು ಇಟ್ಟು ನೋಡಿ ಎಂದು ಅಂಗಡಿಯವರು ಹೇಳಿದಾಗ ನಾನೇ ಅತ್ತೆಯ ಕೈ ಹಿಡಿದು ಕಿರುಬೆರಳನ್ನು ಗಾಜಿನ ಮೇಲಿಟ್ಟು ಒತ್ತಿದೆ. ಹುಣಸೆ ಬಿಡಿಸುವುದಕ್ಕೆ ಆ ಬೆರಳು ಬೇಕಾಗುವುದಿಲ್ಲ. ಬೆಳಗಿನ ಉಜ್ಜಾಟದಲ್ಲೂ ಅದು ತಪ್ಪಿಸಿಕೊಂಡಿತ್ತು. ಹತ್ತು ದಿನ ಮಿಕ್ಕ ಲೋಷನ್ ಮಾತ್ರ ಅದಕ್ಕೆ ಸಿಕ್ಕಿತ್ತು. ಹಸಿರು ದೀಪ ಬಂತು.

ಅಂಗಡಿಯವರು ಪರದೆ ನೋಡಿ ಅತ್ತೆಯ ಹೆಸರನ್ನು ಪೂರ್ತಿಯಾಗಿ, ಎಲ್ಲರಿಗೂ ಕೇಳುವಂತೆ ಓದಿದರು. ಮನೆಯಲ್ಲಿ ಅವರು ಅಮ್ಮ, ಅತ್ತೆ, ಅಜ್ಜಿ. ಮಾವ ಕರೆಯುವುದು ಏನ್ಲೇ ಎಂದು. ಆ ಹೆಸರನ್ನು ಒಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವರು ಎಷ್ಟು ವರ್ಷದ ಮೇಲೆ ಕೇಳಿದರೋ. ಆಯಿತಮ್ಮ, ಹೊರಡಿ ಎಂದರು ಅಂಗಡಿಯವರು.

ಅತ್ತೆ ಬೆರಳನ್ನು ಗಾಜಿನಿಂದ ತೆಗೆಯಲಿಲ್ಲ.

"ಇನ್ನೊಂದ್ಸಲ ಓದಪ್ಪ" ಎಂದರು.